ಬಲದಿಂದ ಎಡಕ್ಕೆ ಓಡಿದ ಬೆಸುಗೆ

"ಇದು ನಮ್ಮ ಹುಡುಗರ ಕೈಯಲ್ಲ ಮೇಡಂ," ಅಂದರು ಕೈದಿಗಳಿಗೆ ವೆಲ್ಡಿಂಗ್ ಕಲಿಸುವ ಮೇಸ್ತ್ರಿ ಸೆಲ್ವರಾಜ್. ಅಂದವರು ಇನ್ನೊಮ್ಮೆ ಬಗ್ಗಿ ನೋಡಲಿಲ್ಲ. ಹಿಂದೆ ಸರಿದು, ದೂರದಲ್ಲಿ ಗಣಿಯ ತ್ಯಾಜ್ಯ ಸುರಿದು ಬೆಳೆದ ಸೈನೈಡ್ ದಿಬ್ಬದ ಕಡೆ ಮುಖ ಮಾಡಿ ನಿಂತರು.

ಅಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಇನ್‌ಸ್ಪೆಕ್ಟರ್ ಭಾರ್ಗವಿ ಕೇಳಲಿಲ್ಲ. ಚಾಂಪಿಯನ್ ರೀಫ್ಸ್‌ನ ಹಳೇ ಚಿನ್ನದ ಗಣಿಗೆ ಇಳಿಯುವ ಆ ಶಾಫ್ಟಿನ ಬಾಯಿಯ ಪಕ್ಕ ಅವಳು ಮಂಡಿಯೂರಿ ಕೂತಿದ್ದಳು. ಬೆಳಗಿನ ಬಿಸಿಲಿಗೆ ಕಬ್ಬಿಣದ ಜಾಲರಿ ಆಗಲೇ ಕಾದಿತ್ತು.

ಹಿಂದಿನ ದಿನ ಈ ಜಾಲರಿಯ ನಡುಭಾಗ ಕತ್ತರಿಸಿ, ಅಗ್ನಿಶಾಮಕ ದಳದವರು ಒಳಗಿನಿಂದ ನರೇಶನ ಹೆಣ ಮೇಲೆತ್ತಿದ್ದರು. ಜೈಲಿನ ಕೈದಿಗಳಿಗೆ ವೆಲ್ಡಿಂಗ್ ಕಲಿಸುವ ಸಂಸ್ಥೆಯೊಂದರ ಸಂಯೋಜಕ ನರೇಶ. ಕೆಲವು ದಿನಗಳ ಹಿಂದೆ ಅವನು ಕಾಣೆಯಾದಾಗ ಸ್ಕೂಟರ್ ಬಂಗಾರಪೇಟೆ ರೈಲ್ವೆ ನಿಲ್ದಾಣದ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರಿಂದ, ಯಾವುದೋ ರೈಲು ಹತ್ತಿ ಹೋಗಿದ್ದಾನೆ ಎಂದೇ ಎಲ್ಲರೂ ನಂಬಿದ್ದರು. ಕುರಿ ಮೇಯಿಸುವವರು ವಾಸನೆಯ ದೂರು ಹೇಳದಿದ್ದರೆ ಇನ್ನೂ ನಂಬಿಕೊಂಡೇ ಇರುತ್ತಿದ್ದರು.

ದನಕರು, ಮಕ್ಕಳು ಬೀಳದಂತೆ ಪಾಳು ಶಾಫ್ಟುಗಳಿಗೆ ಜಾಲರಿ ಬೆಸೆದು ಮುಚ್ಚುವುದು, ಆ ಕೈದಿಗಳಿಗೆ ಅಭ್ಯಾಸಕ್ಕೆಂದು ಕೊಟ್ಟಿದ್ದ ಕೆಲಸ. ಕೊಡಿಸಿದವನು ನರೇಶನೇ. ಅವರು ಮುಚ್ಚಿದ ಬಾಯೊಳಗೆ ಅವನೇ ಬಿದ್ದಿದ್ದ.

ಬಿದ್ದಿದ್ದ ಎನ್ನುವುದೂ ತಪ್ಪು. ಯಾರೋ ಒಂದು ಮೂಲೆಯ ಸರಳುಗಳನ್ನು ಗ್ರೈಂಡರಿನಿಂದ ಕೊಯ್ದು, ಅವನನ್ನು ಒಳಗೆ ತಳ್ಳಿ, ಸರಳುಗಳನ್ನು ಮತ್ತೆ ಬೆಸೆದಿದ್ದರು. ಮೇಲೆ ಕಪ್ಪು ಬಣ್ಣ ಬಳಿದು ಮಣ್ಣು ಎರಚಿದ್ದರು. ವಿದ್ಯುತ್ತಿಗೆ ಪಕ್ಕದ ಬೀದಿ ಕಂಬದಿಂದ ತಂತಿ ಎಳೆದ ಗುರುತಿತ್ತು. ಹೆಗಲಿಗೆ ನೇತುಹಾಕಿಕೊಂಡು ಹೋಗಬಹುದಾದ ಸಣ್ಣ ವೆಲ್ಡಿಂಗ್ ಯಂತ್ರವಿದ್ದರೆ ಸಾಕು.

ಭಾರ್ಗವಿ ಸುತ್ತಿಗೆಯಿಂದ ಆ ಮೂಲೆಯನ್ನು ಮೆಲ್ಲಗೆ ತಟ್ಟಿದಳು. ಬಣ್ಣ ಚಕ್ಕೆಯಾಗಿ ಉದುರಿತು. ಕೆಳಗೆ ಬೆಸುಗೆ ಕಾಣಿಸಿತು.

ಕರಗಿದ ಲೋಹ ಗಟ್ಟಿಯಾಗುವಾಗ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಗೀರು ಮೂಡುತ್ತದೆ. ಕೊನೆಯಲ್ಲಿ ವೆಲ್ಡಿಂಗ್ ರಾಡು ಎತ್ತಿದ ಕಡೆ ಸಣ್ಣ ಗುಳಿ ಉಳಿಯುತ್ತದೆ. ಉಳಿದ ಬೆಸುಗೆಗಳಲ್ಲೆಲ್ಲಾ ಆ ಗುಳಿ ಬಲ ತುದಿಯಲ್ಲಿತ್ತು. ಈ ಮೂಲೆಯಲ್ಲಿ ಮಾತ್ರ ಎಡ ತುದಿಯಲ್ಲಿತ್ತು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಪ್ರಪಾತ. ಬೆಸೆದವನು ಈಗ ತಾನು ಕೂತಿರುವ ಜಾಗದಲ್ಲೇ ಕೂತಿರಬೇಕು ಎಂದು ಭಾರ್ಗವಿಗೆ ಖಚಿತವಾಯಿತು. ಬಲಗೈಯವರು ಬೆಸೆಯುವುದು ಎಡದಿಂದ ಬಲಕ್ಕೆ. ಅವನ ಕೈ ಬಲದಿಂದ ಎಡಕ್ಕೆ ಓಡಿತ್ತು.

"ಎಡಗೈಯವನಾ?" ಎಂದು ಕೇಳಿದಳು.

ಸೆಲ್ವರಾಜ್ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು.

ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ನವನೀತ್ ಅಷ್ಟಕ್ಕೇ ಕಾಯುತ್ತಿದ್ದವನಂತೆ ಬಾಯಿ ಬಿಟ್ಟ. ತರಬೇತಿಗೆ ಬರುವ ಕೈದಿಗಳಲ್ಲಿ ಎಡಗೈಯವನು ಒಬ್ಬನೇ, ಮುನೀಂದ್ರ. ಹಾಜರಿಗೆ ಎಡಗೈಯಲ್ಲಿ ಸಹಿ ಹಾಕುವುದನ್ನು ಜೈಲಿನ ವಾರ್ಡರ್ ದಿನವೂ ನೋಡಿದ್ದಾನೆ. ನರೇಶ್ ಕಾಣೆಯಾದ ದಿನ ಮುನೀಂದ್ರ ಜೈಲಿನಲ್ಲಿರಲಿಲ್ಲ. ಪೆರೋಲ್ ಮೇಲೆ ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಲ್ಲಿ ತಾಯಿಯ ಮನೆಯಲ್ಲಿದ್ದ. ಆ ಸಂಜೆ ಯಾರದೋ ಬೈಕ್ ತೆಗೆದುಕೊಂಡು ಹೊರಗೆ ಹೋಗಿದ್ದಾಗಿ ಅವನ ತಾಯಿ ತಾಯಮ್ಮನೇ ಒಪ್ಪಿಕೊಂಡಿದ್ದಳು. ಎಲ್ಲಿಗೆ ಎಂದು ಕೇಳಿದರೆ, ಕೆರೆ ಏರಿ ಮೇಲೆ ಸುಮ್ಮನೆ ಕೂತಿದ್ದೆ ಎಂದು ಮುನೀಂದ್ರ ಹೇಳಿದ್ದ. ಅವನು ಜೈಲು ಸೇರಿದ್ದೂ ಕೊಲೆಯ ಅಪರಾಧಕ್ಕೇ.

ಹೀಗೆ ಎಲ್ಲವೂ ಒಂದೇ ಕಡೆ ಬೊಟ್ಟು ಮಾಡಿದಾಗ ಭಾರ್ಗವಿಗೆ ಕಸಿವಿಸಿಯಾಗುತ್ತಿತ್ತು.

"ಸೆಲ್ವರಾಜ್ ಅವರೇ, ನಮ್ಮ ಹುಡುಗರ ಕೈಯಲ್ಲ ಅಂದ್ರಿ. ಆಮೇಲೆ ಎಡಗೈಯವನದು ಅಂತಾನೂ ಒಪ್ಕೊಂಡ್ರಿ. ಎರಡರಲ್ಲಿ ಯಾವುದು ನಿಜ?"

"ನಾನು ಹೇಳಿದ್ರೆ ನಂಬ್ತೀರಾ ಮೇಡಂ? ಮಷೀನ್ ಇಡೋ ಕೋಣೆ ಬೀಗದ ಕೈ ನನ್ನತ್ರ ಇರೋದು. ನಿಮ್ಮ ಲೆಕ್ಕದಲ್ಲಿ ನಾನೂ ಒಬ್ಬ ತಾನೆ. ಮುನೀಂದ್ರನ ಕೈಗೆ ವೆಲ್ಡಿಂಗ್ ಹೋಲ್ಡರ್ ಕೊಟ್ಟು ನೀವೇ ನೋಡ್ಬಿಡಿ."

ಆ ಮಾತಿನಲ್ಲಿ ಸಿಟ್ಟಿತ್ತು. ಗಣಿ ಕೆಲಸದವರ ಮನೆಯಲ್ಲಿ ಹುಟ್ಟಿ, ಗಣಿ ಮುಚ್ಚಿದ ಮೇಲೆ ಪಕ್ಕದ ಗಣಿ ಬಡಾವಣೆ ಮೈಸೂರು ಮೈನ್ಸ್‌ನ ಹಳೇ ಶೆಡ್ಡೊಂದರಲ್ಲಿ ವರ್ಕ್‌ಶಾಪು ನಡೆಸಿಕೊಂಡು ಬಂದ ಮನುಷ್ಯ. ಕೈದಿಗಳನ್ನು ಒಳಗೆ ಬಿಟ್ಟುಕೊಂಡದ್ದಕ್ಕೆ ಅಕ್ಕಪಕ್ಕದವರು ಮಾತು ಬಿಟ್ಟಿದ್ದರು. ಈಗ ಅದೇ ಜನ, ನಾವು ಆವತ್ತೇ ಹೇಳಲಿಲ್ಲವಾ ಎನ್ನುತ್ತಿದ್ದರು.

ಜೀಪಿನ ಕಡೆ ನಡೆಯುವಾಗ ಸೆಲ್ವರಾಜ್ ಇದ್ದಕ್ಕಿದ್ದಂತೆ ನಿಂತರು. ಇನ್ನೊಂದು ಮಾತು ಹೇಳಬೇಕಿತ್ತು ಎಂದರು. ಕಾಣೆಯಾಗುವ ಹಿಂದಿನ ದಿನ ನರೇಶ್ ಅವರ ಬಳಿ ಬಂದು, ಮುನೀಂದ್ರನ ವಿಷಯ ಒಂದಿದೆ, ಬಂಗಾರಪೇಟೆಗೆ ಹೋಗಿ ಕೇಳಬೇಕು, ಕೇಳಿದ ಮೇಲೆ ನಿಮಗೆ ಹೇಳ್ತೀನಿ ಅಂದಿದ್ದನಂತೆ.

"ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ರಿ?"

"ಹೇಳಿದ್ರೆ ಪೈಯನ್, ಆ ಹುಡುಗನ ತಲೆ ಮೇಲೇ ಬರುತ್ತೆ ಅಂತ ಮೇಡಂ. ಅಷ್ಟೇ."

ಅಷ್ಟೇನಾ ಎಂದು ಭಾರ್ಗವಿ ಅವರ ಮುಖವನ್ನೇ ನೋಡಿದಳು. ಸೆಲ್ವರಾಜ್ ಕಣ್ಣು ತಪ್ಪಿಸಲಿಲ್ಲ. ತಪ್ಪಿಸದಿರಲು ಕಷ್ಟಪಡುತ್ತಿದ್ದಾರೆ ಎನ್ನಿಸಿತು.

*

ಬಂಗಾರಪೇಟೆಯಲ್ಲಿ ಮುನೀಂದ್ರನಿಗೆ ಸೇರಿದವರು ಯಾರು ಎಂದು ಹುಡುಕುವುದೇನೂ ಕಷ್ಟವಾಗಲಿಲ್ಲ. ಅವನ ಅಕ್ಕ ಸುಮಲತಳನ್ನು ಕೊಟ್ಟಿದ್ದು ಅಲ್ಲಿಗೇ. ಅವಳ ಗಂಡ ಚಿರಂಜೀವಿ ಕಿಟಕಿ ಗ್ರಿಲ್ಲು, ಗೇಟು ಮಾಡಿಕೊಡುವ ಅಂಗಡಿ ಇಟ್ಟಿದ್ದ.

ಕೊಲೆಯಾದವನು ಕೊನೆಗೆ ಹುಡುಕಿಕೊಂಡು ಹೋದ ಊರಿನಲ್ಲಿ ಒಂದು ವೆಲ್ಡಿಂಗ್ ಅಂಗಡಿ. ಭಾರ್ಗವಿ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಕೂತಿದ್ದಳು.

ಜೀಪು ನಿಂತಾಗ ಚಿರಂಜೀವಿ ಗೇಟೊಂದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಸೆಯುತ್ತಿದ್ದ. ಭಾರ್ಗವಿ ಬೆಳಕಿನಿಂದ ಮುಖ ತಿರುಗಿಸಿಕೊಂಡು ಅವನ ಕೈಯನ್ನು ಮಾತ್ರ ಓರೆಗಣ್ಣಿನಿಂದ ಗಮನಿಸಿದಳು. ಬಲಗೈ. ಎಡದಿಂದ ಬಲಕ್ಕೆ. ಪಳಗಿದ ಕೈ, ಎಲ್ಲೂ ತಡವರಿಸಲಿಲ್ಲ.

ಪೊಲೀಸರನ್ನು ಕಂಡು ಅವನು ಗಾಬರಿಯಾಗಲಿಲ್ಲ. ಕಪ್ಪು ಕನ್ನಡಕ ಹಣೆಗೇರಿಸಿ, ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿ, ಎದುರಿನ ಅಂಗಡಿಗೆ ಟೀ ಕೂಗಿದ. ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ಟ. ಕಾಣೆಯಾದ ದಿನ ನರೇಶ್ ಬಂದಿದ್ದು ನಿಜ. ಮುನೀಂದ್ರನ ಶಿಕ್ಷೆ ಮುಗಿಯುತ್ತಾ ಬಂದಿದೆ, ಹೊರಗೆ ಬಂದ ಮೇಲೆ ಅವನನ್ನು ನಿಮ್ಮ ಅಂಗಡಿಯಲ್ಲೇ ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ಕೇಳಿದ್ದ. ತಾನು ಆಗಲ್ಲ ಅಂದಿದ್ದ. ಆತ ಸ್ಟೇಷನ್ ಕಡೆ ಸ್ಕೂಟರ್ ತಿರುಗಿಸಿಕೊಂಡು ಹೋದ. ಅಷ್ಟೇ ನಡೆದದ್ದು.

"ಹೆಂಡತಿ ತಮ್ಮ. ಕೆಲಸ ಕಲಿತಿದಾನೆ. ಯಾಕೆ ಬೇಡ ಅಂದ್ರಿ?"

"ಎಡಗೈಯೋನು ಮೇಡಂ," ಅಂದ ಚಿರಂಜೀವಿ. "ಓಲ್ಡರು ಎಡಗೈಲಿ ಇಡ್ಕಂಡು ಕುಂತ್ರೆ ಪಕ್ಕದಾಗೆ ಇನ್ನೊಬ್ಬ ಕೆಲ್ಸ ಮಾಡಕಾಗಲ್ಲ. ಕಿಡಿಯೆಲ್ಲ ಅವ್ನ ಮಕಕ್ಕೆ ಬೀಳ್ತದೆ. ನಂದು ನೋಡಿ, ಎಷ್ಟಗಲ ಜಾಗ ಐತೆ."

ಮಾತು ಸರಿಯಾಗಿಯೇ ಇತ್ತು. ಅಂಗಡಿ ಇಕ್ಕಟ್ಟಾಗಿಯೇ ಇತ್ತು.

ಜೈಲಿಗೆ ನೋಡಲು ಹೋಗಿದ್ದಿರಾ ಎಂದು ಭಾರ್ಗವಿ ಕೇಳಿದಳು. ತಾನು ಒಂದು ದಿನವೂ ಹೋಗಿಲ್ಲ, ಹೋಗುವವಳು ಹೆಂಡತಿ ಎಂದ. ವರ್ಕ್‌ಶಾಪಿಗೆ? ಅಲ್ಲಿಗೂ ಹೋಗಿಲ್ಲ. ನರೇಶ್ ಕಾಣೆಯಾದ ಸಂಜೆ ಎಲ್ಲಿದ್ದಿರಿ? ಅಂಗಡಿಯಲ್ಲೇ ಇದ್ದೆ, ಯಾರನ್ನು ಬೇಕಾದರೂ ಕೇಳಿ ಎಂದ.

ಮುನೀಂದ್ರನ ಹಳೇ ಕೇಸಿನ ಬಗ್ಗೆ ಅವಳು ಕೇಳಿರಲಿಲ್ಲ. ಅವನೇ ಎತ್ತಿದ. ಆಗ ಮುನೀಂದ್ರನ ಹಳ್ಳಿಯಲ್ಲಿ ಹಾಲಿನ ಡೈರಿ ನೋಡಿಕೊಳ್ಳುತ್ತಿದ್ದ ಕೋದಂಡಪ್ಪ ಎಂಬಾತ ತಲೆಗೆ ಏಟು ಬಿದ್ದು ಸತ್ತಿದ್ದ. ಯಾರು ಹೊಡೆದರೆಂದು ಪೊಲೀಸರು ಇನ್ನೂ ತಡಕಾಡುತ್ತಿದ್ದಾಗಲೇ ಮುನೀಂದ್ರ ತಾನಾಗಿ ಠಾಣೆಗೆ ನಡೆದು ಬಂದು ಒಪ್ಪಿಕೊಂಡಿದ್ದ.

"ಅವತ್ತೂ ಯಾರೂ ಕೇಳ್ಲಿಲ್ಲ ಮೇಡಂ, ಅವ್ನೇ ಓಗಿ ಏಳ್ದ. ನೆತ್ತರಲ್ಲೇ ತಿಕ್ಕಲು ಐತೆ ಅವ್ನಿಗೆ. ನರೇಶ್ ಸಾರ್‌ಗೂ ಇದೇ ಏಳ್ದೆ, ಉಸಾರು ಅಂತ."

ಟೀ ಬಂತು. ಭಾರ್ಗವಿ ಕುಡಿಯಲಿಲ್ಲ. ನರೇಶ್ ಹೇಗೆ ಸತ್ತ, ಎಲ್ಲಿ ಸಿಕ್ಕಿದ ಎಂದು ಈ ಮನುಷ್ಯ ಒಂದು ಸಲವೂ ಕೇಳಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಪೇಪರಿನಲ್ಲಿ ಬಂದಿದೆ, ಓದಿರಬಹುದು. ಆದರೂ ತನ್ನ ಅಂಗಡಿಗೆ ಬಂದು ಹೋದವನು ಹೆಣವಾಗಿ ಸಿಕ್ಕರೆ, ಕೇಳುವುದು ಮನುಷ್ಯ ಸ್ವಭಾವ.

ವಾಪಸು ಬರುವಾಗ ನವನೀತ್, ಸ್ವಂತ ಭಾವನೇ ಎಡಗೈಯವನು ಅಂದ ಮೇಲೆ ಇನ್ನೇನು ಉಳಿಯಿತು ಎಂದ. ಮೇಲಿನವರೂ ಬೆಳಗಿನಿಂದ ಫೋನು ಮಾಡುತ್ತಿದ್ದರು. ಕೈದಿಗಳನ್ನು ಹೊರಗೆ ಬಿಟ್ಟು ಕೆಲಸ ಕಲಿಸುವ ಯೋಜನೆಯನ್ನೇ ನಿಲ್ಲಿಸಬೇಕು ಎಂದು ಆಗಲೇ ಕೂಗೆದ್ದಿತ್ತು. ಇವತ್ತು ಸಂಜೆಯೊಳಗೆ ಮುನೀಂದ್ರನ ಹೆಸರು ಬರೆದು ಕೇಸು ಮುಗಿಸಿದರೆ ಎಲ್ಲರಿಗೂ ನೆಮ್ಮದಿ.

ಭಾರ್ಗವಿ ಡ್ರೈವರಿಗೆ ಮೈಸೂರು ಮೈನ್ಸ್ ಕಡೆ ಹೋಗಲು ಹೇಳಿದಳು.

*

ವರ್ಕ್‌ಶಾಪಿನ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಊಟದ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದಳು. ಸುಮಲತ. ಬೆಳಗ್ಗೆ, ಭಾರ್ಗವಿ ಬಂಗಾರಪೇಟೆಗೆ ಹೊರಡುವ ಮೊದಲೇ, ಠಾಣೆಗೆ ಬಂದು, ತಮ್ಮನನ್ನು ಒಂದು ಗಳಿಗೆ ನೋಡಿ ಹೋಗುತ್ತೇನೆ ಎಂದು ಕೈಮುಗಿದಿದ್ದಳು. ಮುನೀಂದ್ರನನ್ನು ವಿಚಾರಣೆಗೆಂದು ಆಗಷ್ಟೇ ಜೈಲಿನಿಂದ ಕರೆತಂದಿದ್ದರು. ಅಕ್ಕ ತಮ್ಮ ಮಾತಾಡಿಕೊಳ್ಳಲಿ ಎಂದು ಭಾರ್ಗವಿಯೇ ಬಾಗಿಲು ಮುಂದೆ ಮಾಡಿಸಿ ಹೊರಗೆ ಬಂದಿದ್ದಳು. ಈಗ ಅವನನ್ನು ವ್ಯಾನಿನಲ್ಲಿ ಇಲ್ಲಿಗೆ ಕರೆತಂದದ್ದು ತಿಳಿದು, ಆಟೋ ಮಾಡಿಕೊಂಡು ಹಿಂದೆಯೇ ಬಂದಿದ್ದಳು.

ನರೇಶ್ ಕಾಣೆಯಾದ ಸಂಜೆ ನಿನ್ನ ಗಂಡ ಎಲ್ಲಿದ್ದ ಎಂದು ಭಾರ್ಗವಿ ಅವಳನ್ನು ಕೇಳಿದಳು. "ಅಂಗ್ಡೀಲೇ ಇದ್ರು," ಎಂದಳು ಸುಮಲತ, ಕಣ್ಣೆತ್ತದೆ. ಗಂಡ ಹೇಳಿದ ಮಾತೇ ಅದು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ.

ಒಳಗೆ ಶೆಡ್ಡಿನಲ್ಲಿ ಕಬ್ಬಿಣ ಸುಟ್ಟ ವಾಸನೆ. ತರಬೇತಿ ನಿಂತು ಹೋಗಿದ್ದರಿಂದ ಮೇಜುಗಳೆಲ್ಲಾ ಖಾಲಿ. ಮುನೀಂದ್ರ ವಾರ್ಡರ್ ಪಕ್ಕದಲ್ಲಿ ನಿಂತಿದ್ದ. ಮೂವತ್ತು ದಾಟಿದ ಗಟ್ಟಿ ಆಳು. ತಾನು ದಿನವೂ ಕೂರುತ್ತಿದ್ದ ಮೇಜನ್ನು ನೋಡುತ್ತಿದ್ದ. ಅದರ ಮೇಲೆ ಅರ್ಧ ಮಾಡಿಟ್ಟ ಒಂದು ಕಿಟಕಿ ಚೌಕಟ್ಟು ಹಾಗೇ ಬಿದ್ದಿತ್ತು. ಪರೀಕ್ಷೆಗೆಂದು ಮಾಡುತ್ತಿದ್ದದ್ದಂತೆ.

ಸೆಲ್ವರಾಜ್ ಎರಡು ಕಬ್ಬಿಣದ ಪಟ್ಟಿ ಜೋಡಿಸಿ ಇಟ್ಟರು. ಯಾಕೆ ಎಂದು ಯಾರೂ ಅವನಿಗೆ ಹೇಳಬಾರದು ಎಂದು ಭಾರ್ಗವಿ ಮೊದಲೇ ತಾಕೀತು ಮಾಡಿದ್ದಳು.

"ಇದನ್ನ ಬೆಸಿ," ಎಂದಳು.

ಮುನೀಂದ್ರ ಗ್ಲೌಸು ಹಾಕಿಕೊಂಡ. ಮುಖವಾಡ ಇಳಿಸಿದ. ಹೋಲ್ಡರನ್ನು ಬಲಗೈಗೆ ತೆಗೆದುಕೊಂಡ.

ನವನೀತ್ ಒಂದು ಹೆಜ್ಜೆ ಮುಂದೆ ಬಂದ. ಭಾರ್ಗವಿ ಕೈಯಡ್ಡ ಇಟ್ಟು ತಡೆದಳು.

ಕಿಡಿ ಹಾರಿತು. ಕೈ ಎಡದಿಂದ ಬಲಕ್ಕೆ ಸಮನಾಗಿ ಸಾಗಿತು. ಅವನು ಸುತ್ತಿಗೆಯನ್ನು ಮಾತ್ರ ಎಡಗೈಯಲ್ಲಿ ಹಿಡಿದು ಮೇಲಿನ ಕಿಟ್ಟ ಉದುರಿಸಿದಾಗ, ಕೆಳಗೆ ಒಂದೇ ಹದದ ಬೆಸುಗೆ ಹೊಳೆಯಿತು. ಗುಳಿ ಬಲ ತುದಿಯಲ್ಲಿತ್ತು.

ಈಗ ಎಡಗೈಯಲ್ಲಿ ಮಾಡು ಎಂದಳು. ಅವನು ಆಶ್ಚರ್ಯದಿಂದ ಅವಳನ್ನು ನೋಡಿದ. ಹೋಲ್ಡರ್ ಬದಲಾಯಿಸಿಕೊಂಡ. ರಾಡು ಪಟ್ಟಿಗೆ ಕಚ್ಚಿಕೊಂಡಿತು. ಕಿತ್ತು ಮತ್ತೆ ಮುಟ್ಟಿಸಿದ. ಲೋಹ ಅಲ್ಲಲ್ಲಿ ಗಡ್ಡೆ ಕಟ್ಟಿತು. ಕೊನೆಗೆ ನಾಚಿಕೆಯಿಂದ ಕೈ ಕೆಳಗಿಟ್ಟ.

ಸೆಲ್ವರಾಜ್ ಗೋಡೆಗೆ ಒರಗಿ ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅದು ಸಮಾಧಾನದ್ದೋ, ಬೇರೆ ಯಾವುದರದ್ದೋ ಭಾರ್ಗವಿಗೆ ತಿಳಿಯಲಿಲ್ಲ.

*

ಉಪಕರಣ ಇಡುವ ಕೋಣೆಯಲ್ಲಿ ಒಂದು ಮೇಜು, ಎರಡು ಸ್ಟೂಲು. ಭಾರ್ಗವಿ ಮುನೀಂದ್ರನನ್ನು ಎದುರಿಗೆ ಕೂರಿಸಿಕೊಂಡಳು. ನವನೀತ್ ಬಾಗಿಲಲ್ಲಿ ನಿಂತ.

"ಬರೆಯೋದು ಎಡಗೈ. ಸುತ್ತಿಗೆ ಹಿಡಿಯೋದು ಎಡಗೈ. ಇದೊಂದು ಮಾತ್ರ ಬಲಗೈ. ಯಾಕೆ?"

"ಮೊದ್ಲು ಎಡಗೈಲೇ ಮಾಡ್ತಿದ್ದೆ ಅಮ್ಮಾ. ಸಾಲಾಗಿ ಕುಂತಾಗ ನನ್ ಕಿಡಿ ಪಕ್ಕದೋನ ಮಕಕ್ಕೆ ಓಗೋದು. ಒಂದಿನ ಅವ್ನ ಕಣ್ಣಿಗೇ ಬಿತ್ತು. ಮೇಸ್ತ್ರಿ ಕೈ ಬದ್ಲಾಯ್ಸು ಅಂದ್ರು. ಒಂದೇ ಒಂದು ಗೆರೆ ಎಳ್ಯಾಕೆ ಎಷ್ಟೋ ದಿನ ಇಡೀತು."

"ಬೇಜಾರಾಗ್ಲಿಲ್ವಾ?"

"ಇಲ್ಲ." ಅವನು ಬಲಗೈಯನ್ನು ಮಗುಚಿ ನೋಡಿಕೊಂಡ. "ಒಳಗೆ ಇಷ್ಟು ವರ್ಸ ಇದ್ದೀನಿ. ಒಸದಾಗಿ ಕಲ್ತಿದ್ದು ಇದೊಂದೇ. ಪರೀಕ್ಸೆ ಪಾಸಾದ್ರೆ ಸರ್ಟಿಫಿಕೇಟಲ್ಲಿ ಜೈಲ್ ಎಸ್ರು ಇರಲ್ಲ ಅಂತ ನರೇಶ್ ಸಾರ್ ಏಳಿದ್ರು."

ನರೇಶನ ಹೆಸರು ಹೇಳುವಾಗ ಅವನ ದನಿ ಸಣ್ಣದಾಯಿತು. ನಟನೆಯಾದರೆ ಚೆನ್ನಾಗಿಯೇ ನಟಿಸುತ್ತಿದ್ದಾನೆ ಎಂದುಕೊಂಡಳು ಭಾರ್ಗವಿ. ಆಮೇಲೆ ಆ ಮಾತನ್ನು ತನಗೆ ತಾನೇ ಹಿಂತೆಗೆದುಕೊಂಡಳು.

ಪೆರೋಲಿನ ಸಂಜೆ ಬೈಕ್ ತೆಗೆದುಕೊಂಡು ಎಲ್ಲಿಗೆ ಹೋಗಿದ್ದೆ ಎಂದು ಮತ್ತೆ ಕೇಳಿದಳು. ಕೆರೆ ಏರಿ ಎಂದು ಅವನು ಮತ್ತೆ ಹೇಳಿದ. ಯಾರಾದರೂ ನೋಡಿದರಾ? ಇಲ್ಲ. ಅಲ್ಲಿ ಏನು ಮಾಡಿದೆ? ಸುಮ್ಮನೆ ನೀರು ನೋಡಿದೆ. ಜೈಲಿನಲ್ಲಿ ಅಷ್ಟು ದೂರ ನೋಡಕ್ಕೆ ಏನೂ ಸಿಗಲ್ಲ ಎಂದ.

ಆಗ ಭಾರ್ಗವಿ ಮೇಜಿನ ಮೇಲೆ ಮೊಣಕೈ ಊರಿ, ತಾನು ಬೆಳಗಿನಿಂದ ಕಂಡದ್ದನ್ನೆಲ್ಲಾ ಅವನ ಮುಂದಿಟ್ಟಳು. ಶಾಫ್ಟಿನ ಜಾಲರಿಯನ್ನು ಮತ್ತೆ ಮುಚ್ಚಿದವನು ಬಲದಿಂದ ಎಡಕ್ಕೆ ಬೆಸೆದಿದ್ದಾನೆ. ನಿನಗೆ ಅದು ಬರುವುದಿಲ್ಲ. ಆ ಬೆಸುಗೆ ಒಳ್ಳೆಯ ಕೆಲಸಗಾರನದು, ಹೊಸಬನ ಕೈಯಲ್ಲ. ನಿಜವಾದ ಎಡಗೈಯವನೊಬ್ಬ ಇರಬಹುದು, ಅವನನ್ನೂ ಹುಡುಕುತ್ತೇನೆ. ಆದರೆ ಜೈಲಿನವರು ಮುಚ್ಚಿದ ಜಾಲರಿಯನ್ನೇ ಆರಿಸಿಕೊಂಡು, ನೀನು ಹೊರಗಿದ್ದ ದಿನವನ್ನೇ ಆರಿಸಿಕೊಂಡು ಮಾಡಿದ ಕೆಲಸ ಇದು. ಹಾಗಾದರೆ ಪೊಲೀಸರ ಕಣ್ಣು ನಿನ್ನ ಮೇಲೆ ಬೀಳಲಿ ಎಂದೇ ಯಾರೋ ಪಳಗಿದ ಬಲಗೈಯವರು ಆ ಗೆರೆಯನ್ನು ತಿರುಗಿಸಿ ಎಳೆದಿದ್ದಾರೆ.

"ಸೆಲ್ವರಾಜ್ ಮಾಡಿದ್ರೆ ಹಾಗೆ ಎಳೀತಿರಲಿಲ್ಲ. ನಿನ್ನ ಕೈ ಬದಲಾಯಿಸಿದ್ದೇ ಅವರು. ನಿನ್ನ ಜೊತೆ ಕಲಿತೋರು ಮಾಡಿದ್ರೂ ಅಷ್ಟೇ. ಇದನ್ನ ಮಾಡಿದವರು ನಿನ್ನನ್ನ ಎಡಗೈಯವನು ಅಂತ ಮೊದಲಿಂದ ಬಲ್ಲೋರು. ಆದ್ರೆ ನೀನು ಇಲ್ಲಿ ಕೂತು ಕೆಲಸ ಮಾಡೋದನ್ನ ಒಂದು ಸಲಾನೂ ನೋಡದೋರು. ಅಂಥೋರು ಯಾರು ಮುನೀಂದ್ರ?"

ಅಲ್ಲಿಯವರೆಗೆ ಅವನ ಮುಖದಲ್ಲಿ ಬೆಳಕು ಬರುತ್ತಿದ್ದುದನ್ನು ಭಾರ್ಗವಿ ನೋಡಿದ್ದಳು. ಯಾರೋ ಒಬ್ಬರು ತನ್ನನ್ನು ನಂಬುತ್ತಿದ್ದಾರೆ ಎಂದು ತಿಳಿದಾಗ ಬರುವ ಬೆಳಕು. ಕೊನೆಯ ಮಾತು ಕಿವಿಗೆ ಬೀಳುತ್ತಿದ್ದಂತೆ ಅದು ಆರಿಹೋಯಿತು. ಅವನು ಮೇಜಿನ ಅಂಚನ್ನು ಹಿಡಿದುಕೊಂಡ.

"ಬಂಗಾರಪೇಟೆಗೆ ಓಗಿದ್ರಾ ಅಮ್ಮಾ?"

"ಹೋಗಿದ್ದೆ."

"ಇನ್ನೊಂದ್ಸಲ ಓಗ್ಬೇಡಿ." ಅವನು ಬೇಡಿಕೊಳ್ಳುವಂತೆ ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. "ಬರ್ಕಳಿ. ನಾನೇ ಮಾಡ್ದೆ."

ಬಾಗಿಲಲ್ಲಿ ನವನೀತ್ ಬೂಟು ಸದ್ದಾಯಿತು. ಪೆನ್ನು ತೆಗೆಯುತ್ತಿದ್ದ.

ಭಾರ್ಗವಿ ಈಗಷ್ಟೇ ತೆರೆದ ಬಾಗಿಲನ್ನು ಅವನು ಒಳಗಿನಿಂದ ಹಾಕಿಕೊಂಡುಬಿಟ್ಟಿದ್ದ. ಅವತ್ತೂ ಯಾರೂ ಕೇಳಲಿಲ್ಲ, ಅವನೇ ಹೋಗಿ ಹೇಳಿದ ಎಂಬ ಚಿರಂಜೀವಿಯ ಮಾತು ಈಗ ಅವಳಿಗೆ ಬೇರೆಯಾಗಿ ಕೇಳಿಸಿತು. ಕೋದಂಡಪ್ಪನ ಕೊಲೆಯನ್ನು ಮುನೀಂದ್ರ ಒಪ್ಪಿಕೊಂಡಾಗ, ಅವನ ಎದುರು ಕೂತಿದ್ದ ಅಧಿಕಾರಿ ಏನನ್ನಾದರೂ ಮರುಪ್ರಶ್ನೆ ಮಾಡಿದ್ದನೇ? ಅಥವಾ ನೆಮ್ಮದಿಯಾಗಿ ಬರೆದುಕೊಂಡು ಮುಗಿಸಿದ್ದನೇ?

ಆ ಕೊಲೆಯನ್ನೂ ಮುನೀಂದ್ರ ಬೇರೆ ಯಾರಿಗಾಗಿಯೋ ತಲೆ ಮೇಲೆ ಹಾಕಿಕೊಂಡಿದ್ದ ಎಂಬ ಅನುಮಾನ ನರೇಶನಿಗೂ ಬಂದಿರಬೇಕು. ಬಂಗಾರಪೇಟೆಗೆ ಕೇಳಲು ಹೋದದ್ದು ಕೆಲಸವನ್ನಲ್ಲ.

"ಸುಳ್ಳು ಹೇಳಬೇಡ," ಎಂದಳು. "ಎಡಗೈಯಲ್ಲಿ ಒಂದು ಗೆರೆ ಎಳೆಯೋಕೂ ಬರಲಿಲ್ಲ ನಿನಗೆ."

"ಬೇಕಂತ ಕೆಡಿಸ್ದೆ."

"ಯಾಕೆ ಕೊಂದೆ?"

"ಕೆಲ್ಸದಿಂದ ತೆಗ್ದು ವಾಪ್ಸು ಒಳಕ್ಕೆ ಕಳಿಸ್ತೀನಿ ಅಂದ್ರು. ಸಿಟ್ಟು ಬಂತು."

ಇದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ನರೇಶ್ ಅವನಿಗೆ ಹೊರಗೆ ಕೆಲಸ ಕೊಡಿಸಲು ಓಡಾಡುತ್ತಿದ್ದದ್ದನ್ನು ಸಂಸ್ಥೆಯವರೆಲ್ಲಾ ಹೇಳಿದ್ದರು. ಇನ್ನೊಂದೆರಡು ಪ್ರಶ್ನೆ ಕೇಳಿದರೆ ಇವನು ಎಡವುತ್ತಾನೆ, ಆಗ ನವನೀತನಿಗೂ ಅರ್ಥವಾಗುತ್ತದೆ ಎಂದುಕೊಂಡಳು.

"ಹೇಗೆ ಕೊಂದೆ, ಹೇಳು."

ಮುನೀಂದ್ರ ಕಣ್ಣು ಮುಚ್ಚಿಕೊಂಡ. ಬಾಯಿಪಾಠ ಒಪ್ಪಿಸುವ ಹುಡುಗನಂತೆ ನಿಧಾನವಾಗಿ ಹೇಳತೊಡಗಿದ.

"ಇಂದುಗಡೆಯಿಂದ ತಲೆಗೆ ಒಡ್ದೆ. ಬಿದ್ರು. ಉಸ್ರು ಇರ್ಲಿಲ್ಲ. ಮಕ ನೋಡಕ್ಕಾಗ್ಲಿಲ್ಲ ಅಮ್ಮಾ. ಅದ್ಕೆ ಟವಲ್ಲು ಸುತ್ತಿ, ಕಿವಿ ಇಂದೆ ಗಂಟಾಕ್ದೆ. ಅಸ್ರು ಟವಲ್ಲು. ಆಮ್ಯಾಕೆ ಒಳಕ್ಕೆ ಬಿಟ್ಟೆ."

ನವನೀತ್ ಬರೆದುಕೊಳ್ಳುತ್ತಲೇ ಇದ್ದ. ಅವನಿಗೆ ಅದು ಇನ್ನೊಂದು ವಾಕ್ಯ ಅಷ್ಟೇ.

ಭಾರ್ಗವಿ ಮೇಜಿನಿಂದ ಮೊಣಕೈ ತೆಗೆದು ನೆಟ್ಟಗೆ ಕೂತಳು. ಶಾಫ್ಟಿನಿಂದ ಮೇಲೆತ್ತಿದಾಗ ನರೇಶನ ಮುಖ ಹಸಿರು ಟವಲಿನಲ್ಲಿ ಸುತ್ತಿತ್ತು. ಗಂಟು ಕಿವಿಯ ಹಿಂದಿತ್ತು. ಅದನ್ನು ನೋಡಿದ್ದು ಒಳಗೆ ಇಳಿದ ಅಗ್ನಿಶಾಮಕ ಸಿಬ್ಬಂದಿ, ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಮತ್ತು ತಾನು. ಮೇಲಿನವರಿಗೂ ತಿಳಿಸಿರಲಿಲ್ಲ, ಪೇಪರಿನವರಿಗಂತೂ ಸುಳಿವೇ ಇರಲಿಲ್ಲ. ನಿಜವಾದ ಕೊಲೆಗಾರನನ್ನು ಗುರುತಿಸಲೆಂದೇ ಆ ಒಂದು ಸಂಗತಿಯನ್ನು ಅವಳು ಯಾರ ಬಾಯಿಗೂ ಬೀಳದಂತೆ ಕಾದಿಟ್ಟಿದ್ದಳು.

ಈಗ ಅದು ಮುನೀಂದ್ರನ ಬಾಯಿಂದ ಬಂದಿತ್ತು.

ಅವಳು ಅವನ ಕೈಗಳನ್ನು ನೋಡಿದಳು. ಬಲಗೈ ಮೇಲೆ ಕಿಡಿ ಬಿದ್ದ ಚುಕ್ಕೆಗಳು. ಎಡಗೈ ಮೇಲೂ. ಈ ಕೈಗಳು ತನ್ನನ್ನು ಈಗಷ್ಟೇ ಮೋಸ ಮಾಡಿದವೇ? ಆ ನಾಚಿಕೆ, ಆ ಪರೀಕ್ಷೆಯ ಮಾತು, ಎಲ್ಲವೂ? ಹಾಗಿದ್ದರೆ ತಾನು ಬೆಳಗಿನಿಂದ ಕಟ್ಟಿದ್ದೆಲ್ಲಾ ಕುಸಿದಂತೆ. ಹಾಗಲ್ಲದಿದ್ದರೆ, ಆ ಟವಲು ಕಟ್ಟಿದವರು, ಅಥವಾ ಕಟ್ಟಿದ್ದನ್ನು ಕಂಡವರು ಇವನಿಗೆ ಹೇಳಿರಬೇಕು.

"ಪೆರೋಲ್ ಮುಗಿಸಿ ಹೋದ ಮೇಲೆ ಇವನನ್ನ ಜೈಲಲ್ಲಿ ಯಾರು ನೋಡೋಕೆ ಬಂದಿದ್ರು?" ಎಂದು ಅವಳು ವಾರ್ಡರನ್ನು ಕರೆದು ಕೇಳಿದಳು.

ಯಾರೂ ಬಂದಿಲ್ಲ ಎಂದ ವಾರ್ಡರ್. ನರೇಶ್ ಕಾಣೆಯಾದ ಗಲಾಟೆಯಲ್ಲಿ ಭೇಟಿಯನ್ನೆಲ್ಲಾ ನಿಲ್ಲಿಸಿದ್ದರು. ಫೋನಿನಲ್ಲೂ ಮಾತಾಡಲು ಬಿಟ್ಟಿರಲಿಲ್ಲ. ಜೈಲಿನಿಂದ ಠಾಣೆಗೆ, ಠಾಣೆಯಿಂದ ಇಲ್ಲಿಗೆ, ದಾರಿಯಲ್ಲಿ ತಾನು ಪಕ್ಕದಲ್ಲೇ ಕೂತಿದ್ದೆ ಎಂದ. ನಡುವೆ ಠಾಣೆಯಲ್ಲಿ ಅಕ್ಕ ಬಂದಾಗ ಮಾತ್ರ ಸ್ವಲ್ಪ ಹೊತ್ತು ತಾನು ಹೊರಗಿದ್ದೆ ಎಂದ. ಮೇಡಂ ಅವರೇ ಹೊರಗಿರು ಅಂದಿದ್ದರಲ್ಲ.

ಮುನೀಂದ್ರ ತಲೆ ತಗ್ಗಿಸಿದ್ದ. ಅದನ್ನು ಮತ್ತೆ ಎತ್ತಲಿಲ್ಲ.

ಭಾರ್ಗವಿ ಸ್ಟೂಲನ್ನು ಹಿಂದಕ್ಕೆ ತಳ್ಳಿ ಎದ್ದಳು. ಬರೆದದ್ದನ್ನು ಹಾಗೇ ಇಡು, ಸಹಿ ಹಾಕಿಸಬೇಡ ಎಂದು ನವನೀತನಿಗೆ ಹೇಳಿದಳು. ಶೆಡ್ಡು ದಾಟುವಾಗ ಸೆಲ್ವರಾಜ್ ಏನೋ ಕೇಳಿದರು. ಅವಳಿಗೆ ಕೇಳಿಸಲಿಲ್ಲ.

ಬೇವಿನ ಮರದ ಕೆಳಗೆ ಸುಮಲತ ಇನ್ನೂ ಕೂತಿದ್ದಳು. ಇನ್‌ಸ್ಪೆಕ್ಟರ್ ಒಬ್ಬಳೇ ಬರುವುದನ್ನು ಕಂಡು ಎದ್ದು ನಿಂತಳು. ತಮ್ಮ ಹೇಗಿದ್ದಾನೆ ಎಂದು ಕೇಳಲಿಲ್ಲ. ಹೊಡೆದರಾ ಎಂದು ಕೇಳಲಿಲ್ಲ. ಊಟ ಕೊಡಬಹುದಾ ಎಂದೂ ಕೇಳಲಿಲ್ಲ. ಭಾರ್ಗವಿಯ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು. ಬೆಳಗ್ಗೆ ಕೈಮುಗಿದಾಗ ಇದ್ದ ನಡುಕ ಈಗ ಅವಳ ದನಿಯಲ್ಲಿ ಇರಲಿಲ್ಲ.

"ಒಪ್ಕಂಡ್ನಾ ಅಮ್ಮಾ?"